ಕರಡು ತಿದ್ದುವವರ ಕಣ್ಣಿನಲ್ಲಿ ಟ್ಯಾಬ್ಲೆಟ್‌ಗಳು: ಕೊಳ್ಳುವ ಮುನ್ನ ಮಾಡಿದ ಒಂದು ಹೋಲಿಕೆ

ಟ್ಯಾಬ್ಲೆಟ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ಹರಡುವುದು ಪ್ರೊಸೆಸರಿನ ಹೆಸರು, ರ‍್ಯಾಮಿನ ಲೆಕ್ಕ ಮತ್ತು ಕ್ಯಾಮೆರಾದ ಮೆಗಾಪಿಕ್ಸೆಲ್. ಓದುವುದಕ್ಕೆಂದೇ ಕೊಳ್ಳುವವರಿಗೆ ಈ ಮೂರರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಇಪ್ಪತ್ತೈದು ಸಾವಿರದಿಂದ ನಲವತ್ತೈದು ಸಾವಿರ ರೂಪಾಯಿಯವರೆಗಿನ ಹೆಸರಾಂತ ಟ್ಯಾಬ್ಲೆಟ್‌ಗಳಲ್ಲಿ ಪಿಡಿಎಫ್ ತೆರೆಯಲು ತಿಣುಕುವಂಥದ್ದು ಈಗ ಯಾವುದೂ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ನಾವು ದಿನವೂ ಓದುವ ಪುಟ ಆ ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕೂರುತ್ತದೆ? ಹಾಗೆ ಕೂತಾಗ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕಣ್ಣು ಕಿರಿದು ಮಾಡದೆ ತಿಳಿಯುತ್ತದೆಯೇ? ಜೊತೆಗೆ ಕೊಡುವ ಅಥವಾ ಬೇರೆಯಾಗಿ ಮಾರುವ ಪೆನ್ನಿನಿಂದ ಅಂಚಿನಲ್ಲಿ ಒಂದು ಗುರುತು ಹಾಕಿದರೆ ಅದು ಹಾಕಿದ ಜಾಗದಲ್ಲೇ ಬೀಳುತ್ತದೆಯೇ?

ಮೈಸೂರಿನ ಕೆಲವು ಪ್ರಕಾಶಕರಿಗೆ ಮತ್ತು ಡಿಟಿಪಿ ಕೇಂದ್ರಗಳಿಗೆ ಕರಡು ತಿದ್ದಿಕೊಡುವುದು ನನ್ನ ಕೆಲಸ. ಹಿಂದೆ ಕರಡನ್ನು ಕಾಗದದ ಮೇಲೆ ಮುದ್ರಿಸಿ ಕಳುಹಿಸುತ್ತಿದ್ದರು, ಈಗ ಬಹುಪಾಲು ಪಿಡಿಎಫ್ ಆಗಿ ಬರುತ್ತದೆ, ಮುದ್ರಿಸಿಕೊಳ್ಳುವ ಖರ್ಚು ನಮ್ಮ ತಲೆಗೇ ಬರುತ್ತದೆ. ಇದರ ಜೊತೆಗೆ ಹಳೆಯ ಪುಸ್ತಕಗಳ, ಶಾಸನ ಸಂಪುಟಗಳ ಸ್ಕ್ಯಾನ್ ಪ್ರತಿಗಳನ್ನು ಆಗಾಗ ತೆರೆದು ನೋಡಬೇಕಾಗುತ್ತದೆ. ಹೀಗಾಗಿ ಈ ಹೋಲಿಕೆ ಆಟವಾಡುವವರಿಗೂ ಚಿತ್ರ ಬಿಡಿಸುವವರಿಗೂ ಹೆಚ್ಚು ಉಪಯೋಗವಾಗಲಾರದು. ಕನ್ನಡವನ್ನು ಪುಟಗಟ್ಟಲೆ ಓದುವ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ದೂರಶಿಕ್ಷಣದ ಪಾಠಗಳನ್ನು ಪಿಡಿಎಫ್‌ನಲ್ಲಿ ಓದುವವರು ಮತ್ತು ನನ್ನಂತೆ ಕರಡಿನ ಕೆಲಸ ಮಾಡುವವರು ಇದರ ಓದುಗರು ಎಂದುಕೊಂಡಿದ್ದೇನೆ.

ಹೋಲಿಕೆಗೆ ತೆಗೆದುಕೊಂಡವು ಮುಖ್ಯವಾಗಿ ಐದು. 2025ರ ಮಾರ್ಚ್‌ನಲ್ಲಿ ಬಂದ, ಎ16 ಚಿಪ್ ಇರುವ ಸಾಮಾನ್ಯ ಐಪ್ಯಾಡ್. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ. 2025ರ ಜನವರಿಯಲ್ಲಿ ಭಾರತಕ್ಕೆ ಬಂದ ಶಿಯೋಮಿ ಪ್ಯಾಡ್ 7. 2024ರ ಒನ್‌ಪ್ಲಸ್ ಪ್ಯಾಡ್ 2. ಮತ್ತು ಲೆನೊವೊ ಐಡಿಯಾ ಟ್ಯಾಬ್ ಪ್ರೊ. ಇವುಗಳ ಆಚೀಚೆ ಇನ್ನೂ ಒಂದೆರಡನ್ನು ಅಲ್ಲಲ್ಲಿ ಹೆಸರಿಸಿದ್ದೇನೆ. ಬೆಲೆ ಹೇಳುವಾಗ ಬಿಡುಗಡೆಯ ಸಮಯದ ಬೆಲೆಯನ್ನು ಕೊಟ್ಟಿದ್ದೇನೆ, ದಸರಾ ಮತ್ತು ದೀಪಾವಳಿಯ ಹೊತ್ತಿಗೆ ಅದು ಇಳಿಯುವುದುಂಟು.

ಪರದೆಯ ವಿಷಯದಲ್ಲಿ ಎಲ್ಲರೂ ನೋಡುವುದು ಕರ್ಣದ ಅಳತೆಯನ್ನು. ಹನ್ನೊಂದು ಇಂಚು, ಹನ್ನೆರಡು ಇಂಚು ಎಂಬ ಆ ಸಂಖ್ಯೆ ಮೋಸಗೊಳಿಸುತ್ತದೆ. ಏಕೆಂದರೆ ಉದ್ದನೆಯ ಕಿರಿದಾದ ಪರದೆಗೂ ಅಗಲವಾದ ಪರದೆಗೂ ಕರ್ಣ ಒಂದೇ ಇರಬಹುದು. ಪುಟ ಓದುವವರಿಗೆ ಬೇಕಾದದ್ದು ಅಗಲ. ಸ್ಯಾಮ್‌ಸಂಗ್‌ನ ಪರದೆ 10.9 ಇಂಚಿನದು, ಅದರ ಉದ್ದ ಅಗಲಗಳ ಪ್ರಮಾಣ 16:10, ಅಂದರೆ ನಿಲ್ಲಿಸಿ ಹಿಡಿದಾಗ ಅಗಲ ಸುಮಾರು 5.8 ಇಂಚು. ಐಪ್ಯಾಡಿನ ಕರ್ಣವೂ ಹೆಚ್ಚುಕಡಿಮೆ ಅಷ್ಟೇ ಆದರೂ ಅದರ ಅಗಲ 6.2 ಇಂಚು. ಶಿಯೋಮಿಯ 11.2 ಇಂಚಿನ ಪರದೆ 3:2 ಪ್ರಮಾಣದ್ದು, ಅಗಲ ಮತ್ತೆ 6.2 ಇಂಚು. ಒನ್‌ಪ್ಲಸ್ ಪ್ಯಾಡ್ 2 ತನ್ನ 12.1 ಇಂಚನ್ನು 7:5 ಪ್ರಮಾಣದಲ್ಲಿ ಹರಡಿಕೊಂಡಿರುವುದರಿಂದ ಅದರ ಅಗಲ ಏಳು ಇಂಚಿಗೆ ಸಮೀಪ. ಲೆನೊವೊದ್ದು 12.7 ಇಂಚಿನ ಪರದೆ. ಕರ್ಣದಲ್ಲಿ ಅದು ಒನ್‌ಪ್ಲಸ್‌ಗಿಂತ ದೊಡ್ಡದು, ಆದರೆ ಪ್ರಮಾಣ 16:10 ಆಗಿರುವ ಕಾರಣ ಅಗಲ 6.7 ಇಂಚು ಮಾತ್ರ.

ಈ ಲೆಕ್ಕವನ್ನು ಪುಟದ ಮೇಲೆ ಇಟ್ಟು ನೋಡಿದಾಗ ಅದರ ಅರ್ಥ ತಿಳಿಯುತ್ತದೆ. ಎ4 ಕಾಗದದ ಅಗಲ 8.27 ಇಂಚು. ಅದನ್ನು ಪೂರ್ತಿಯಾಗಿ ಪರದೆಯ ಮೇಲೆ ತಂದರೆ ಸ್ಯಾಮ್‌ಸಂಗ್‌ನಲ್ಲಿ ಮೂಲದ ನೂರಕ್ಕೆ 70ರಷ್ಟು, ಐಪ್ಯಾಡ್ ಮತ್ತು ಶಿಯೋಮಿಗಳಲ್ಲಿ 75ರಷ್ಟು, ಲೆನೊವೊದಲ್ಲಿ 81ರಷ್ಟು, ಒನ್‌ಪ್ಲಸ್‌ನಲ್ಲಿ 84ರಷ್ಟು ಗಾತ್ರ ಉಳಿಯುತ್ತದೆ. ಅಂದರೆ ಡಿಟಿಪಿಯವರು 10 ಪಾಯಿಂಟ್‌ನಲ್ಲಿ ಜೋಡಿಸಿದ ಅಕ್ಷರ ಸ್ಯಾಮ್‌ಸಂಗ್ ಪರದೆಯ ಮೇಲೆ 7 ಪಾಯಿಂಟ್‌ನಷ್ಟಾಗಿ ಕಾಣುತ್ತದೆ. ದಿನಪತ್ರಿಕೆಯ ಸಣ್ಣ ಜಾಹೀರಾತು ಓದುವ ಗಾತ್ರ ಅದು. ಆದರೆ ಕನ್ನಡದ ಕಾದಂಬರಿ, ಕವಿತೆ, ವಿಮರ್ಶೆಗಳ ಬಹುಪಾಲು ಪುಸ್ತಕಗಳು ಡೆಮಿ 1/8 ಆಕಾರದವು. ಅಗಲ ಐದೂವರೆ ಇಂಚು, ಎತ್ತರ ಎಂಟೂವರೆ. ಈ ಪುಟ ಮೇಲಿನ ಐದೂ ಟ್ಯಾಬ್ಲೆಟ್‌ಗಳಲ್ಲಿ ಮುದ್ರಿತ ಪುಸ್ತಕದಷ್ಟೇ ದೊಡ್ಡದಾಗಿ, ಒಂದಿಷ್ಟೂ ಕುಗ್ಗದೆ ಕೂರುತ್ತದೆ. ಇದು ನನಗೆ ಅನಿರೀಕ್ಷಿತವಾದ ಸಂತೋಷವನ್ನು ಕೊಟ್ಟ ಸಂಗತಿ. ಕಥೆ ಕಾದಂಬರಿಗಳನ್ನಷ್ಟೇ ಓದುವವರು ಹನ್ನೊಂದು ಇಂಚಿಗಿಂತ ದೊಡ್ಡ ಪರದೆಗೆ ಹಣ ಸುರಿಯುವ ಅಗತ್ಯವೇ ಇಲ್ಲ. ಎ4 ಗಾತ್ರದ ಪಾಠಗಳು, ಪ್ರಬಂಧಗಳು, ಸರ್ಕಾರಿ ಆದೇಶಗಳು, ಶಾಸನ ಸಂಪುಟಗಳು ಯಾರ ಪಾಲಿಗೆ ನಿತ್ಯದ ಓದೋ ಅವರು ಮಾತ್ರ ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು.

ಅಗಲದಷ್ಟೇ ಮುಖ್ಯವಾದದ್ದು ಸ್ಫುಟತೆ. ಇಂಗ್ಲಿಷ್ ಪುಟವನ್ನು ತೆರೆದು ತೋರಿಸಿದರೆ ಎಲ್ಲ ಪರದೆಗಳೂ ಒಂದೇ ಸಮನಾಗಿ ಚೆನ್ನಾಗಿ ಕಾಣುತ್ತವೆ. ನಮ್ಮ ಲಿಪಿಯ ಪಾಡು ಬೇರೆ. ದ, ಡ, ಬ ಇವುಗಳನ್ನು ಧ, ಢ, ಭ ಮಾಡುವುದು ಅಕ್ಷರದ ಬುಡದಲ್ಲಿರುವ ಒಂದು ಪುಟ್ಟ ಸೀಳು. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಒತ್ತಿಗೆ ಮತ್ತೊಂದು ಒತ್ತು ಸೇರಿದಾಗ ಅದು ಇನ್ನೂ ಚಿಕ್ಕದು. ‘ಊರ ಮಧ್ಯದಲ್ಲಿ’ ಎಂಬುದು ‘ಊರ ಮದ್ಯದಲ್ಲಿ’ ಎಂದು ಅಚ್ಚಾಗಿ ಲೇಖಕರ ಮುಖ ಕೆಂಪಾದ ಪ್ರಸಂಗಗಳು ನಮ್ಮ ಕಸುಬಿನಲ್ಲಿ ಹೊಸತೇನಲ್ಲ. ಆ ಸೀಳು ಕಾಣದ ಪರದೆ ಉಳಿದೆಲ್ಲದರಲ್ಲಿ ಎಷ್ಟು ಚೆನ್ನಾಗಿದ್ದರೂ ನಮಗೆ ಬೇಡ.

ಇದನ್ನು ಪರೀಕ್ಷಿಸಲು ಒಂದು ಎ4 ಪುಟವನ್ನು ನಾನೇ ಸಿದ್ಧ ಮಾಡಿಕೊಂಡೆ. 10 ಪಾಯಿಂಟ್ ಅಕ್ಷರದಲ್ಲಿ ಮಧ್ಯ, ಮದ್ಯ, ಆಧಾರ, ಭಾರ, ಮಧ್ಯಾಹ್ನ, ಜ್ಯೋತ್ಸ್ನೆ, ರಾಷ್ಟ್ರ, ವಿದ್ಯಾರ್ಥಿ, ಶಿಖರ ಮುಂತಾದ ಪದಗಳನ್ನು ಒತ್ತೊತ್ತಾಗಿ ತುಂಬಿ, ಕೆಲವು ಕಡೆ ಬೇಕೆಂದೇ ತಪ್ಪು ಕಾಗುಣಿತ ಬರೆದು, ಯುಎಸ್‌ಬಿ-ಸಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ದೇವರಾಜ ಅರಸು ರಸ್ತೆಯ ಅಂಗಡಿಗಳನ್ನು ಸುತ್ತಿದೆ. ಒಂದು ಅಂಗಡಿಯಲ್ಲಿ ಹುಡುಗ ಸರಪಳಿಗೆ ಕಟ್ಟಿದ್ದ ಡೆಮೊ ಪೀಸನ್ನು ಮುಂದೆ ತಳ್ಳಿ, “ಗೇಮ್ ಓಪನ್ ಮಾಡಿ ನೋಡಿ ಮೇಡಂ, ಒಂಚೂರೂ ಹ್ಯಾಂಗ್ ಆಗಲ್ಲ” ಎಂದ. ಪೆನ್‌ಡ್ರೈವ್ ತೆಗೆದಾಗ ಅವನ ಮುಖದಲ್ಲಿ ಅನುಮಾನ ಮೂಡಿತು. “ಇದಕ್ಕೆ ಯಾರೂ ಹಿಂಗೆಲ್ಲಾ ಹಾಕಿಲ್ಲ ಮೇಡಂ, ಇರಿ, ಸಾರನ್ನ ಕೇಳ್ಕೊಂಡ್ ಬರ್ತೀನಿ” ಎಂದು ಒಳಗೆ ಹೋದವನು ಒಪ್ಪಿಗೆಯೊಂದಿಗೆ ಹಿಂದಿರುಗಿದ್ದಲ್ಲದೆ, ನಾನು ಬೇರೆ ಬೇರೆ ಟ್ಯಾಬ್ಲೆಟ್‌ಗಳಲ್ಲಿ ಆ ಪುಟವನ್ನು ತೆರೆಯುತ್ತಾ ಹೋದಂತೆ ತಾನೂ ಬಗ್ಗಿ ತಪ್ಪು ಹುಡುಕತೊಡಗಿದ. ಎಲ್ಲ ಅಂಗಡಿಗಳಲ್ಲೂ ಹೀಗೆ ಬಿಡುವುದಿಲ್ಲ. ಬಿಡದ ಕಡೆ ಪುಟವನ್ನು ಮಿಂಚಂಚೆಗೆ ಹಾಕಿಟ್ಟುಕೊಂಡು ಬ್ರೌಸರಿನಲ್ಲಿ ತೆರೆಯಬಹುದು, ಅಂಗಡಿಯ ವೈಫೈ ನಡೆಯುತ್ತಿದ್ದರೆ. ಐಪ್ಯಾಡಿಗೂ ಪೆನ್‌ಡ್ರೈವ್ ಹಾಕಬಹುದೇ ಎಂಬ ಅನುಮಾನ ಬೇಡ, ಫೈಲ್ಸ್ ಆ್ಯಪ್ 2019ರ ಐಪ್ಯಾಡ್‌ಓಎಸ್ 13ರಿಂದಲೂ ಅದನ್ನು ಓದುತ್ತದೆ.

ಸಂಖ್ಯೆಗಳಲ್ಲಿ ಹೇಳುವುದಾದರೆ ಒಂದು ಇಂಚಿನಲ್ಲಿ ಶಿಯೋಮಿ ಪ್ಯಾಡ್ 7 ಸುಮಾರು 345 ಚುಕ್ಕೆಗಳನ್ನು (ಪಿಕ್ಸೆಲ್) ಕೂರಿಸುತ್ತದೆ, ಒನ್‌ಪ್ಲಸ್ 303, ಲೆನೊವೊ 273, ಐಪ್ಯಾಡ್ 264, ಸ್ಯಾಮ್‌ಸಂಗ್ ಎಸ್10 ಎಫ್‌ಇ 249. ಇದೇ ಕ್ರಮ ನನ್ನ ಪುಟದ ಮೇಲೂ ಕಂಡಿತು. ಶಿಯೋಮಿಯಲ್ಲಿ ಎ4 ಪುಟ 75ಕ್ಕೆ ಕುಗ್ಗಿದ್ದರೂ ‘ಜ್ಯೋತ್ಸ್ನೆ’ಯ ಎರಡು ಒತ್ತುಗಳು ಬಿಡಿಬಿಡಿಯಾಗಿ ಕಂಡವು. ಒನ್‌ಪ್ಲಸ್‌ನಲ್ಲಿ ಪುಟವೇ ದೊಡ್ಡದಾಗಿ ಕಾಣುವುದರಿಂದ ಓದಿನ ಹಿತದಲ್ಲಿ ಅದೇ ಮೊದಲು. ಐಪ್ಯಾಡಿನಲ್ಲಿ ಧಕಾರದ ಸೀಳು ಕಾಣುತ್ತದೆ, ಆದರೆ ‘ಷ್ಟ್ರ’ದ ಕೊನೆಯ ಒತ್ತನ್ನು ಊಹಿಸಿಯೇ ಓದಬೇಕು. ಸ್ಯಾಮ್‌ಸಂಗ್‌ನಲ್ಲಿ ಎ4 ಪುಟವನ್ನು ಪೂರ್ತಿಯಾಗಿ ಇಟ್ಟುಕೊಂಡು ಕರಡು ನೋಡುವುದು ಕಷ್ಟ. ಅಗಲವನ್ನು ಹಿಗ್ಗಿಸಿಕೊಂಡರೆ ಎಲ್ಲವೂ ಸರಿಯಾಗಿ ಕಾಣುತ್ತದೆ ನಿಜ, ಆದರೆ ಹಿಗ್ಗಿಸಿದ ಪುಟವನ್ನು ಅತ್ತಿತ್ತ ಎಳೆಯುತ್ತಾ ಓದುವಾಗ ಸಾಲು ತಪ್ಪುತ್ತದೆ, ಸಾಲು ತಪ್ಪಿದಲ್ಲೇ ತಪ್ಪು ಉಳಿದುಬಿಡುತ್ತದೆ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಬಂದ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ಮತ್ತು ಅದಕ್ಕಿಂತ ಅಗ್ಗದ ರೆಡ್‌ಮಿ ಪ್ಯಾಡ್ ಎಸ್‌ಇ ಎರಡರಲ್ಲೂ ಇಂಚಿಗೆ 206ರ ಸುಮಾರಿನ ಚುಕ್ಕೆಗಳಿವೆ. ವಿಡಿಯೊ ಪಾಠ ನೋಡುವುದಕ್ಕೆ, ಡೆಮಿ 1/8 ಪುಸ್ತಕ ಓದುವುದಕ್ಕೆ ಅವು ಸಾಲುತ್ತವೆ. ಕುಗ್ಗಿದ ಎ4 ಪುಟದಲ್ಲಿ ಮಾತ್ರ ಮಧ್ಯಕ್ಕೂ ಮದ್ಯಕ್ಕೂ ಭೇದ ಅಳಿಸಿಹೋಗುತ್ತದೆ.

ಮೂಲ ಹಸ್ತಪ್ರತಿಯನ್ನೂ ಕರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುವ ಕೆಲಸ ನಮಗೆ ಆಗಾಗ ಬರುತ್ತದೆ. ಪರದೆಯನ್ನು ಅಡ್ಡಲಾಗಿ ಹಿಡಿದು ಎರಡು ಭಾಗ ಮಾಡಿದರೆ ಡೆಮಿ 1/8 ಪುಟ ಸ್ಯಾಮ್‌ಸಂಗ್‌ನಲ್ಲಿ ಮೂಲದ ನೂರಕ್ಕೆ 68ರಷ್ಟು, ಐಪ್ಯಾಡಿನಲ್ಲಿ 73ರಷ್ಟು, ಲೆನೊವೊದಲ್ಲಿ 79ರಷ್ಟು, ಒನ್‌ಪ್ಲಸ್‌ನಲ್ಲಿ 82ರಷ್ಟು ಗಾತ್ರಕ್ಕೆ ಬರುತ್ತದೆ. ತಾಳೆ ನೋಡುವುದೇ ಪ್ರಧಾನ ಕೆಲಸವಾಗಿರುವವರಿಗೆ ಕಡೆಯ ಎರಡರ ಹೊರತು ಬೇರೆ ಆಯ್ಕೆಯನ್ನು ನಾನು ಹೇಳಲಾರೆ. ಆದರೆ ದೊಡ್ಡ ಪರದೆಗೆ ತೂಕದ ದಂಡ ಕಟ್ಟಬೇಕು. ಐಪ್ಯಾಡ್ 477 ಗ್ರಾಂ, ಸ್ಯಾಮ್‌ಸಂಗ್ ಮತ್ತು ಶಿಯೋಮಿ ಅರ್ಧ ಕಿಲೋ, ಒನ್‌ಪ್ಲಸ್ 584 ಗ್ರಾಂ, ಲೆನೊವೊ ಆರುನೂರು ಗ್ರಾಂಗೂ ಮೇಲೆ. ಕವರು ಹಾಕಿದ ಮೇಲೆ ದೊಡ್ಡವೆರಡನ್ನೂ ಒಂದೇ ಕೈಯಲ್ಲಿ ಹಿಡಿದು ಹಾಸಿಗೆಯಲ್ಲಿ ಒರಗಿ ಓದುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು, ಅವು ಮೇಜಿನ ಮೇಲಿನ ಸಾಧನಗಳು.

ಪೆನ್ನಿನ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಪೆಟ್ಟಿಗೆಯೊಳಗೇ ಬರುತ್ತದೆ. ಎಸ್10 ಎಫ್‌ಇ ಜೊತೆಗಿನ ಪೆನ್ನಿಗೆ ಬ್ಯಾಟರಿಯ ಹಂಗಿಲ್ಲ, ಚಾರ್ಜ್ ಮಾಡುವ ಗೋಜಿಲ್ಲ. ಪರದೆಯಿಂದಲೇ ಬರುವ ವಿದ್ಯುತ್ಕಾಂತೀಯ ಸಂಕೇತದಿಂದ ಅದು ಕೆಲಸ ಮಾಡುತ್ತದೆ, ವರ್ಷಗಟ್ಟಲೆ ಡ್ರಾಯರಿನಲ್ಲಿದ್ದು ತೆಗೆದರೂ ಬರೆಯುತ್ತದೆ. ತುದಿ ತೆಳ್ಳಗಿದೆ, ಒತ್ತಿದಂತೆ ಗೆರೆ ದಪ್ಪವಾಗುತ್ತದೆ, ಅಂಗೈ ಪರದೆಗೆ ತಾಗಿದರೂ ಅಡ್ಡಗೆರೆ ಬೀಳುವುದಿಲ್ಲ. ಕರಡಿನ ಅಂಚಿನಲ್ಲಿ ಅಳಿಸುವ ಗುರುತು, ಸೇರಿಸುವ ಗುರುತು, ಅಕ್ಷರ ಅದಲು ಬದಲು ಮಾಡುವ ಗುರುತು ಇವನ್ನೆಲ್ಲ ಕಾಗದದ ಮೇಲಿನ ವೇಗದಲ್ಲೇ ಹಾಕಲು ನನಗೆ ಸಾಧ್ಯವಾದದ್ದು ಇದರಲ್ಲಿ ಮಾತ್ರ.

ಐಪ್ಯಾಡಿನ ಪೆನ್ನಿನ ಕಥೆ ಸ್ವಲ್ಪ ಗೋಜಲು. ಈ ಸಾಮಾನ್ಯ ಐಪ್ಯಾಡ್ ಎರಡು ಬಗೆಯ ಆಪಲ್ ಪೆನ್ಸಿಲ್‌ಗಳನ್ನು ಮಾತ್ರ ಒಪ್ಪುತ್ತದೆ. 7,900 ರೂಪಾಯಿಯ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡದ ಅರಿವಿಲ್ಲ, ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ಮೊದಲ ತಲೆಮಾರಿನ 9,500 ರೂಪಾಯಿಯ ಪೆನ್ಸಿಲ್‌ಗೆ ಆ ಅರಿವು ಇದೆ, ಆದರೆ ಅದನ್ನು ಜೋಡಿಸಲು, ಚಾರ್ಜ್ ಮಾಡಲು ಒಂದು ಪುಟ್ಟ ಅಡಾಪ್ಟರ್ ಬೇಕು. ಆ ಅಡಾಪ್ಟರ್ ಕಳೆದುಹೋಗುವುದಕ್ಕೆಂದೇ ಹುಟ್ಟಿದಂಥ ವಸ್ತು. ಕರಡಿನ ಗುರುತುಗಳಿಗೆ ಒತ್ತಡದ ಅರಿವು ಅಗತ್ಯವಲ್ಲದ್ದರಿಂದ ಯುಎಸ್‌ಬಿ-ಸಿ ಪೆನ್ಸಿಲೇ ಸಾಕು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಪರದೆಯ ರಚನೆ. ಸಾಮಾನ್ಯ ಐಪ್ಯಾಡಿನಲ್ಲಿ ಗಾಜಿಗೂ ಅದರ ಕೆಳಗಿನ ಚಿತ್ರಪಟಲಕ್ಕೂ ನಡುವೆ ಸಣ್ಣ ಅಂತರವಿದೆ, ಎರಡನ್ನೂ ಅಂಟಿಸಿಲ್ಲ. ಓರೆಯಿಂದ ನೋಡುವಾಗ ಪೆನ್ನಿನ ತುದಿ ಒಂದು ಕಡೆ, ಗೆರೆ ಕೂದಲೆಳೆಯಷ್ಟು ಆಚೆ. ದೊಡ್ಡ ಅಕ್ಷರಗಳಲ್ಲಿ ಟಿಪ್ಪಣಿ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಒತ್ತಕ್ಷರಕ್ಕೆ ಸುತ್ತು ಹಾಕುವವರಿಗೆ ಗೊತ್ತಾಗುತ್ತದೆ. ಗಾಜು ಅಂಟಿಸಿದ ಐಪ್ಯಾಡ್ ಬೇಕೆಂದರೆ ಐಪ್ಯಾಡ್ ಏರ್‌ಗೆ ಹೋಗಬೇಕು. ಎಂ3 ಚಿಪ್‌ನ ಹನ್ನೊಂದು ಇಂಚಿನ ಏರ್‌ನ ಬೆಲೆ 59,900 ರೂಪಾಯಿಯಿಂದ ಆರಂಭವಾದದ್ದರಿಂದ ಅದನ್ನು ಈ ಪಟ್ಟಿಯಿಂದಲೇ ಕೈಬಿಟ್ಟೆ.

ಶಿಯೋಮಿಯ ಫೋಕಸ್ ಪೆನ್ 5,999, ಒನ್‌ಪ್ಲಸ್‌ನ ಸ್ಟೈಲೊ 2 5,499 ರೂಪಾಯಿ. ಎರಡೂ ಟ್ಯಾಬ್ಲೆಟ್‌ನ ಅಂಚಿಗೆ ಅಯಸ್ಕಾಂತದಿಂದ ಅಂಟಿಕೊಂಡು ಚಾರ್ಜ್ ಆಗುತ್ತವೆ. ಬರವಣಿಗೆ ಚೆನ್ನಾಗಿದೆ, ಎಸ್ ಪೆನ್ನಿನ ಹದ ಇಲ್ಲ. ಗಾಜಿನ ಮೇಲೆ ತುದಿ ಜಾರುತ್ತದೆ. ಲೆನೊವೊ ಐಡಿಯಾ ಟ್ಯಾಬ್ ಪ್ರೊ ಜೊತೆಗೆ ಪೆನ್ ಬರುತ್ತದೆ ಎಂಬುದು ಅದರ ದೊಡ್ಡ ಆಕರ್ಷಣೆ.

ಬೆಲೆಯನ್ನು ಹೋಲಿಸುವಾಗ ಪೆನ್ನನ್ನು ಸೇರಿಸಿಯೇ ಕೂಡಬೇಕು, ಇಲ್ಲದಿದ್ದರೆ ಜಾಹೀರಾತಿನ ಅಂಕಿ ದಾರಿ ತಪ್ಪಿಸುತ್ತದೆ. 34,900 ರೂಪಾಯಿಯ ಐಪ್ಯಾಡ್ ಯುಎಸ್‌ಬಿ-ಸಿ ಪೆನ್ಸಿಲ್ ಸೇರಿದ ಮೇಲೆ 42,800 ಆಗುತ್ತದೆ. ಪೆನ್ ಒಳಗೊಂಡ ಸ್ಯಾಮ್‌ಸಂಗ್ ಎಸ್10 ಎಫ್‌ಇ 42,999. ಎಂಟು ಸಾವಿರದ ಅಂತರವೆಂದು ಕಾಣುತ್ತಿದ್ದದ್ದು ಇನ್ನೂರು ರೂಪಾಯಿಗೂ ಕಡಿಮೆಯಾಯಿತು. ಒನ್‌ಪ್ಲಸ್ ಪ್ಯಾಡ್ 2 ಬಿಡುಗಡೆಯಾದಾಗ 39,999, ಪೆನ್ ಸೇರಿ 45,498. ಶಿಯೋಮಿ ಪ್ಯಾಡ್ 7 ಆರಂಭದ ಮಾದರಿ 27,999, ಪೆನ್ ಸೇರಿ 33,998. ಎಸ್ ಪೆನ್ ಬೇಕು, ಆದರೆ ಎಸ್10 ಎಫ್‌ಇಯ ಬೆಲೆ ಬೇಡ ಎನ್ನುವವರಿಗೆ 2025ರ ಸೆಪ್ಟೆಂಬರ್‌ನಲ್ಲಿ ಬಂದ ಟ್ಯಾಬ್ ಎಸ್10 ಲೈಟ್ ಇದೆ. 30,999 ರೂಪಾಯಿಗೆ ಪೆನ್ನೂ ಸೇರಿ ಸಿಗುವ ಅದರಲ್ಲಿ ಚುಕ್ಕೆಗಳು ಇಂಚಿಗೆ 228ಕ್ಕೆ ಇಳಿದಿವೆ, ನೀರು ತಡೆಯುವ ಐಪಿ68 ರಕ್ಷಣೆಯೂ ಇಲ್ಲ. ಡೆಮಿ 1/8 ಪುಟಗಳ ಕರಡನ್ನಷ್ಟೇ ನೋಡುವವರು ಧಾರಾಳವಾಗಿ ಅದನ್ನು ಪರಿಗಣಿಸಬಹುದು. ಸಿಮ್ ಹಾಕುವ ಮಾದರಿಗೆ ಸ್ಯಾಮ್‌ಸಂಗ್ ಎಸ್10 ಎಫ್‌ಇಯಲ್ಲಿ ಎಂಟು ಸಾವಿರ, ಐಪ್ಯಾಡಿನಲ್ಲಿ ಹದಿನೈದು ಸಾವಿರ ರೂಪಾಯಿ ಹೆಚ್ಚು. ಜೇಬಿನಲ್ಲಿ ಫೋನಿರುವಾಗ ಅದರ ಹಾಟ್‌ಸ್ಪಾಟ್ ಬಿಟ್ಟು ಇದಕ್ಕೆ ಯಾಕೆ ಹಣ ತೆರಬೇಕೋ ನನಗೆ ತಿಳಿಯದು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ಟ್ಯಾಬ್ಲೆಟ್‌ಗಳ ಮೇಲೆ ನೂರಕ್ಕೆ 18ರಷ್ಟು ಜಿಎಸ್‌ಟಿ ಇದೆ ಮತ್ತು ಮೇಲಿನ ಎಲ್ಲ ಬೆಲೆಗಳೂ ಅದನ್ನು ಒಳಗೊಂಡಿವೆ. 34,900ರಲ್ಲಿ ಸುಮಾರು 5,300 ರೂಪಾಯಿ ತೆರಿಗೆಯೇ. ಮುದ್ರಣಾಲಯ ಅಥವಾ ಪ್ರಕಾಶನದ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಇರುವವರು ತಮ್ಮ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡರೆ ವ್ಯವಹಾರಕ್ಕೆ ಬಳಸುವ ಸಾಧನದ ಮೇಲಿನ ಹೂಡುವಳಿ ತೆರಿಗೆಯನ್ನು, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು, ಹಿಂಪಡೆಯಲು ಸಾಧ್ಯವಾಗಬಹುದು. ತಮ್ಮ ಲೆಕ್ಕಿಗರನ್ನು ಒಮ್ಮೆ ಕೇಳಿಕೊಳ್ಳಲಿ.

ಇನ್ನು ಕನ್ನಡದ ಬಳಕೆ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಗೂಗಲ್‌ನ ಜಿಬೋರ್ಡ್ ಹಾಕಿಕೊಂಡರೆ ಕನ್ನಡವನ್ನು ಬೆರಳಚ್ಚು ಮಾಡುವುದರ ಜೊತೆಗೆ ಕೈಬರಹದಲ್ಲಿ ಬರೆದೂ ಅಕ್ಷರವಾಗಿಸಬಹುದು. ಪೆನ್ನಿನಿಂದ ‘ಸಂಸ್ಕೃತಿ’ ಎಂದು ಗೀಚಿದರೆ ಅದು ಒತ್ತನ್ನೂ ವಟ್ರಸುಳಿಯನ್ನೂ ಗುರುತಿಸಿ ಅಚ್ಚಿನ ಅಕ್ಷರವಾಗಿ ಕೊಟ್ಟಿತು. ಕೀಲಿಮಣೆಯ ಅಭ್ಯಾಸವಿಲ್ಲದ ಹಿರಿಯ ಲೇಖಕರಿಗೆ ಇದೊಂದು ವರದಂತಿದೆ. ಐಪ್ಯಾಡಿಗೆ ಕನ್ನಡ ಕೀಲಿಮಣೆ 2017ರಲ್ಲೇ ಬಂದಿದೆ. ಆದರೆ ಪೆನ್ಸಿಲ್‌ನಿಂದ ಬರೆದದ್ದನ್ನು ಅಚ್ಚಿನ ಅಕ್ಷರವಾಗಿಸುವ ಸ್ಕ್ರಿಬಲ್ ಸೌಲಭ್ಯ ಕನ್ನಡಕ್ಕೆ ಇನ್ನೂ ದೊರೆತಿಲ್ಲ. ಇಷ್ಟು ಭಾಷೆಗಳಿಗೆ ಮಾಡಿಕೊಟ್ಟವರು ನಮ್ಮನ್ನು ಹೊರಗೆ ನಿಲ್ಲಿಸಿರುವುದು ಸಣ್ಣ ಕೊರತೆಯಲ್ಲ.

ಎಲ್ಲ ಟ್ಯಾಬ್ಲೆಟ್‌ಗಳಿಗೂ ಸಮಾನವಾದ ಇನ್ನೊಂದು ತೊಡಕನ್ನು ಹೊಸಬರಿಗೆ ಹೇಳಿಡಬೇಕು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ರೂಪದಲ್ಲಿ ಇರುವ ವರ್ಡ್ ಕಡತವನ್ನು ಟ್ಯಾಬ್ಲೆಟ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಸಾಧನ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಅಗತ್ಯವಿಲ್ಲ. ಕಂಪ್ಯೂಟರಿನಲ್ಲಿ ಯುನಿಕೋಡ್‌ಗೆ ಪರಿವರ್ತಿಸಿ ತರಬೇಕು, ಇಲ್ಲವೇ ಡಿಟಿಪಿಯವರಿಂದ ಪಿಡಿಎಫ್ ಆಗಿಯೇ ತರಿಸಿಕೊಳ್ಳಬೇಕು. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಅಡಕವಾಗಿರುವುದರಿಂದ ನೋಡಲು ತೊಂದರೆಯಿಲ್ಲ, ಆದರೆ ಅದರೊಳಗೆ ಒಂದು ಪದವನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಸ್ಯಾಮ್‌ಸಂಗ್ ನೋಟ್ಸ್‌ನಲ್ಲಿ ತಿದ್ದಿದ ಕರಡು ಅದರದೇ ರೂಪದಲ್ಲಿ ಉಳಿಯುತ್ತದೆ, ಹಿಂದಿರುಗಿಸುವ ಮೊದಲು ಪಿಡಿಎಫ್ ಆಗಿ ರಫ್ತು ಮಾಡಲು ಮರೆಯಬಾರದು. ಐಪ್ಯಾಡಿನಲ್ಲಿ ಫೈಲ್ಸ್‌ನೊಳಗಿನ ಮಾರ್ಕಪ್ ನೇರವಾಗಿ ಪಿಡಿಎಫ್‌ನ ಮೇಲೆಯೇ ಬರೆಯುತ್ತದೆ, ಈ ಸರಳತೆಯಲ್ಲಿ ಅದಕ್ಕೆ ಸಾಟಿಯಿಲ್ಲ.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದುವ ಕೆಲಸಕ್ಕೆ ಐದೂ ಒಂದು ದಿನ ಬರುತ್ತವೆ, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋಗಿ ಬಂದು ಮಾಡುವ ಮನೆಗಳಿಗೂ ತೊಂದರೆಯಿಲ್ಲ. ಬೇಗ ತುಂಬಿಸಬೇಕೆಂದರೆ ಒನ್‌ಪ್ಲಸ್‌ನ 67 ವಾಟ್ ಮುಂದಿದೆ. ಸ್ಯಾಮ್‌ಸಂಗ್ ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ ಎಂಬುದನ್ನು ನೆನಪಿಡಬೇಕು, 45 ವಾಟ್ ವೇಗ ಬೇಕಿದ್ದರೆ ಅದಕ್ಕೂ ಬೇರೆ ದುಡ್ಡು. ಮೆಮೊರಿ ಕಾರ್ಡ್ ಹಾಕುವ ಅವಕಾಶ ಸ್ಯಾಮ್‌ಸಂಗ್‌ನಲ್ಲಿದೆ. ಐಪ್ಯಾಡ್, ಶಿಯೋಮಿ, ಒನ್‌ಪ್ಲಸ್‌ಗಳಲ್ಲಿ ಇಲ್ಲ. ಸ್ಕ್ಯಾನ್ ಮಾಡಿದ ಒಂದೊಂದು ಸಂಪುಟವೂ ನೂರಾರು ಎಂಬಿ ಇರುವಾಗ ಇದನ್ನು ಲಘುವಾಗಿ ಎಣಿಸಬಾರದು.

ಬಾಳಿಕೆಯ ಮಾತು ಬಂದಾಗ ಐಪ್ಯಾಡಿನ ಪರವಾಗಿ ಗಟ್ಟಿಯಾಗಿ ಹೇಳಬೇಕಾದದ್ದಿದೆ. 2019ರಲ್ಲಿ ಬಂದ ಏಳನೆಯ ತಲೆಮಾರಿನ ಸಾಮಾನ್ಯ ಐಪ್ಯಾಡ್ 2024ರ ಐಪ್ಯಾಡ್‌ಓಎಸ್ 18ನ್ನೂ ಪಡೆಯಿತು. ಆಂಡ್ರಾಯ್ಡ್ ಕಂಪನಿಗಳು ಈಚೆಗೆ ಸುಧಾರಿಸಿವೆ, ಅದರಲ್ಲೂ ಸ್ಯಾಮ್‌ಸಂಗ್. ಆದರೂ ಹೀಗೆ ವರ್ಷಗಳ ಕಾಲ ನಡೆದು ತೋರಿಸಿದ ದಾಖಲೆ ಅಗ್ಗದ ಟ್ಯಾಬ್ಲೆಟ್‌ಗಳಿಗೆ ಇಲ್ಲ. ಪಿಯುಸಿ ಸೇರಿದ ನನ್ನ ಅಕ್ಕನ ಮಗಳಿಗೆ ನಾನು ಸೂಚಿಸಿದ್ದು ಐಪ್ಯಾಡನ್ನೇ. ಅವಳಿಗೆ ಬೇಕಾದದ್ದು ಪದವಿ ಮುಗಿಯುವವರೆಗೆ ಕೈಕೊಡದ, ಪಾಠದ ವಿಡಿಯೊ ನೋಡುವ, ಲೆಕ್ಕಗಳನ್ನು ದೊಡ್ಡದಾಗಿ ಬಿಡಿಸುವ ಸಾಧನ. ಗಾಜಿನ ಅಂತರ ಅವಳ ಕಣ್ಣಿಗೆ ಬೀಳುವುದಿಲ್ಲ. “ಪೆನ್ಸಿಲ್ ಆಮೇಲೆ ತಗೊಂಡ್ರೂ ನಡೆಯುತ್ತೆ ಚಿಕ್ಕಮ್ಮ” ಎಂದು ಅವಳೇ ಖರ್ಚನ್ನು ಎರಡು ಕಂತು ಮಾಡಿದಳು.

ನನಗಾಗಿ ಆರಿಸಿದ್ದು ಬೇರೆ. ಪೆನ್ನಿನ ದೃಷ್ಟಿಯಿಂದ ಸ್ಯಾಮ್‌ಸಂಗ್ ಕಡೆಗೇ ಮನಸ್ಸು ವಾಲಿತ್ತು. ಆದರೆ ಕರಡಿನಲ್ಲಿ ಗುರುತು ಹಾಕುವುದು ಹತ್ತರಲ್ಲಿ ಒಂದು ಪಾಲು, ಉಳಿದ ಒಂಬತ್ತು ಪಾಲು ತಪ್ಪನ್ನು ಕಾಣುವುದು. ಕಾಣುವ ಕೆಲಸದಲ್ಲಿ ಶಿಯೋಮಿ ಮತ್ತು ಒನ್‌ಪ್ಲಸ್ ಮುಂದಿದ್ದವು, ಮತ್ತು ನಡುಮನೆಯಲ್ಲಿ ಕಾಲು ಚಾಚಿ ಓದುವ ನನಗೆ ಒನ್‌ಪ್ಲಸ್‌ನ ಭಾರ ಒಗ್ಗಲಿಲ್ಲ. ಶಿಯೋಮಿ ಪ್ಯಾಡ್ 7ರಲ್ಲಿ ಗಾಜಿನ ಹೊಳಪನ್ನು ತಗ್ಗಿಸಿದ ನ್ಯಾನೊ ಟೆಕ್ಸ್‌ಚರ್ ಎಂಬ ಇನ್ನೊಂದು ಮಾದರಿ ಇದೆ. 12 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹದೊಂದಿಗೆ 32,999 ರೂಪಾಯಿಗೆ ಬಂದದ್ದು. ಪರಿಚಯದ ಪ್ರಕಾಶಕರೊಬ್ಬರ ಕಚೇರಿಯಲ್ಲಿ ಅದನ್ನು ನೋಡಿದ ಮೇಲೆ ಗೊಂದಲ ಉಳಿಯಲಿಲ್ಲ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅದರ ಬಿಳಿ ಪಟ್ಟಿ ಪುಟದ ಮೇಲೆ ಬೀಳುತ್ತಿರಲಿಲ್ಲ, ಪೆನ್ನಿನ ಜಾರುವಿಕೆಯೂ ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಕೊಂಡ ಮೇಲೆ ಕಂಡ ಕೊರತೆಗಳೂ ಇವೆ. ಬೆರಳಚ್ಚು ಗುರುತಿಸುವ ಸೌಲಭ್ಯ ಇಲ್ಲ, ಪ್ರತಿ ಸಲವೂ ಮುಖ ತೋರಿಸಬೇಕು ಇಲ್ಲವೇ ಸಂಖ್ಯೆ ಒತ್ತಬೇಕು. ಬಿಳಿ ಹಿನ್ನೆಲೆಯಲ್ಲಿ ಆ ವಿಶೇಷ ಗಾಜು ತೀರಾ ಸಣ್ಣ ಮರಳಿನಂಥ ಮಿನುಗನ್ನು ತೋರಿಸುತ್ತದೆ, ಕೆಲವರ ಕಣ್ಣಿಗೆ ಅದು ಕಿರಿಕಿರಿಯಾಗಬಹುದು. ಜೊತೆಗೆ ಬಂದ ಬೇಡದ ಆ್ಯಪ್‌ಗಳನ್ನು ತೆಗೆದುಹಾಕಲು ಒಂದು ಸಂಜೆಯೇ ಬೇಕಾಯಿತು. ಪೆನ್ ಅಂಚಿನಲ್ಲಿ ಅಂಟಿಕೊಂಡಿರುವುದು ಬರೀ ಅಯಸ್ಕಾಂತದ ಬಲದಿಂದ. ಜೋಳಿಗೆಯಂಥ ಚೀಲದಲ್ಲಿ ಹಾಕಿಕೊಂಡು ಚಾಮುಂಡಿ ಎಕ್ಸ್‌ಪ್ರೆಸ್‌ನ ಜನಜಂಗುಳಿಯಲ್ಲಿ ಹತ್ತಿ ಇಳಿಯುವವರು ಪೆನ್ನಿಗೆ ಗೂಡು ಇರುವ ಕವರನ್ನೇ ಕೊಳ್ಳಬೇಕು.

ಕೊಳ್ಳುವ ಹೊತ್ತಿಗೆ ಒಂದು ಅಂಗಡಿಯಲ್ಲಿ ಹೆಚ್ಚುವರಿ ವಾರಂಟಿಯನ್ನೂ ಪರದೆಯ ಮೇಲೆ ಅಂಟಿಸುವ ಗಾಜನ್ನೂ ನನ್ನನ್ನು ಕೇಳದೆಯೇ ಬಿಲ್ಲಿಗೆ ಸೇರಿಸಿದ್ದರು. ಹೊಳಪು ತಗ್ಗಿಸಿದ ಪರದೆಯ ಮೇಲೆ ಹೊಳೆಯುವ ಗಾಜು ಅಂಟಿಸಿದರೆ ಹೆಚ್ಚು ಕೊಟ್ಟ ಹಣವೆಲ್ಲ ವ್ಯರ್ಥ. ಬಿಲ್ಲಿನ ಒಂದೊಂದು ಸಾಲನ್ನೂ ಓದಿ, ಬೇಡದ್ದನ್ನು ಹೊಡೆದುಹಾಕಿಸಿ, ಆ ಕಂಪನಿಯ ಅಧಿಕೃತ ಸೇವಾ ಕೇಂದ್ರ ಮೈಸೂರಿನಲ್ಲೇ ಇದೆಯೇ ಅಥವಾ ರಿಪೇರಿಗೆ ಬೆಂಗಳೂರಿಗೆ ಕಳುಹಿಸುತ್ತಾರೆಯೇ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಹಣ ಕೊಡುವುದು ಕ್ಷೇಮ.